ಮೈಲುತುತ್ತದ ರೇಟು ಎಲ್ಲಿ ಏರುತ್ತದೆ? ಗೊಬ್ಬರ, ಔಷಧಿ ಕೈಕೊಡುವ ವರ್ಷಕ್ಕೆ ತೋಟದವರ ತಯಾರಿ

ಮೇ ತಿಂಗಳ ಮೂರನೇ ವಾರ ಮೂಡಿಗೆರೆ ಪೇಟೆಗೆ ಹೋಗಿ ನೋಡಿ. ಗೊಬ್ಬರದಂಗಡಿಗಳ ಮುಂದೆ ಜೀಪು, ಪಿಕಪ್ಪು ಸಾಲಾಗಿ ನಿಂತಿರುತ್ತವೆ. ಬಂದವರಲ್ಲಿ ಮುಕ್ಕಾಲು ಜನಕ್ಕೆ ಬೇಕಾಗಿರುವುದು ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಮಳೆ ಹಿಡಿಯುವ ಮೊದಲು ಅಡಿಕೆಗೆ, ಮೆಣಸಿಗೆ, ಕಾಫಿಗೆ ಬೋರ್ಡೋ, ಅಂದರೆ ಮೈಲುತುತ್ತಕ್ಕೆ ಸುಣ್ಣ ಸೇರಿಸಿದ ದ್ರಾವಣ, ಹೊಡೆದು ಮುಗಿಸಬೇಕಲ್ಲ. ಅಂಗಡಿಯವನು ರೇಟು ಹೇಳುತ್ತಾನೆ. "ಹೋದ ತಿಂಗಳು ಇಷ್ಟಿರಲಿಲ್ವಲ್ಲೋ ಮಾರಾಯ" ಅಂದರೆ, "ಕಂಪನಿಯವ್ರು ಏರಿಸಿದಾರೆ ಅಣ್ಣ, ನಾನೇನ್ ಮಾಡ್ಲಿ" ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಆದರೆ ಕಂಪನಿಯವರು ಯಾಕೆ ಏರಿಸಿದರು ಅನ್ನುವುದು ಅವನಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ.

ನನ್ನದು ಆರೆಕರೆ. ಅರೇಬಿಕಾ ಕಾಫಿ, ಅದರೊಳಗೆ ಮೆಣಸು, ತಗ್ಗಿನಲ್ಲಿ ಒಂದಿಷ್ಟು ಅಡಿಕೆ. ಕೆಲವು ವರ್ಷದಿಂದ ನಮ್ಮೂರಿನ ಹನ್ನೆರಡು ಮನೆಯವರು ಗೊಬ್ಬರ, ಔಷಧಿ ಒಟ್ಟಿಗೆ ತರಿಸುತ್ತೇವೆ. ಲೆಕ್ಕದ ಪುಸ್ತಕ ನನ್ನ ಕೈಲಿದೆ. ಆ ಪುಸ್ತಕ ಹಿಡಿದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ಬೆಲೆಯನ್ನು ನಾವು ತಡೆಯಲಾರೆವು, ಆದರೆ ಅದು ಬರುವುದನ್ನು ಎರಡು ಮೂರು ತಿಂಗಳು ಮೊದಲೇ ನೋಡಬಹುದು. ಅದಕ್ಕೆ ನಾವು ಮಾಡಿಕೊಂಡ ಕ್ರಮ ಇದು. ನಿಮ್ಮ ತೋಟಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಮಾಡಿಕೊಳ್ಳಿ.

ಮೊದಲು, ಯಾವ ಸಾಮಾನಿಗೆ ಯಾವ ಕಾಯಿಲೆ ಅಂತ ತಿಳಿಯಿರಿ

ಎಲ್ಲಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಕೆಲವು ಸಾಮಾನಿಗೆ ಬೆಲೆ ಏರುವುದಿಲ್ಲ, ಸಾಮಾನೇ ಸಿಗುವುದಿಲ್ಲ. ಕೆಲವು ಸಾಮಾನು ಯಾವಾಗಲೂ ಸಿಗುತ್ತದೆ, ಬೆಲೆ ಕೈಗೆ ಹತ್ತುವುದಿಲ್ಲ. ಇನ್ನು ಕೆಲವಕ್ಕೆ ಬೆಲೆಯೂ ಏರಿ, ಕಲಬೆರಕೆಯೂ ಸೇರುತ್ತದೆ.

ಯೂರಿಯಾ ಮೊದಲನೇ ಜಾತಿ. 45 ಕೇಜಿ ಚೀಲಕ್ಕೆ 266 ರೂಪಾಯಿ 50 ಪೈಸೆ. ಜಗತ್ತಿನಲ್ಲಿ ಏನೇ ಆಗಲಿ, ಸರ್ಕಾರ ಆ ಬೆಲೆ ಅಲ್ಲಾಡಿಸುವುದಿಲ್ಲ. ಹಾಗಾಗಿ ಹೊರಗೆ ಬೆಲೆ ಏರಿದರೆ ನಮಗೆ ಕಾಣುವುದು ರೇಟಲ್ಲ, "ಸ್ಟಾಕ್ ಇಲ್ಲ" ಅನ್ನುವ ಬೋರ್ಡು. ಚೀನಾ ಯೂರಿಯಾ ರಫ್ತು ಬಿಗಿ ಮಾಡಿದ್ದ 2025ರ ಮುಂಗಾರಿನಲ್ಲಿ ರಾಜ್ಯದ ಎಷ್ಟು ಕಡೆ ರೈತರು ಬೆಳಗಿನ ಜಾವವೇ ಸಾಲು ನಿಂತರು ಅಂತ ನೋಡಿದ್ದೀರಿ. "ಪಣಂಬೂರಿನಲ್ಲೇ ಕಾರ್ಖಾನೆ ಇದೆಯಲ್ಲ" ಅನ್ನಬಹುದು. ಇದೆ. ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್‌ನವರು ಕಟ್ಟಿದ್ದು, ಕರ್ನಾಟಕದ ಒಂದೇ ಯೂರಿಯಾ ಕಾರ್ಖಾನೆ. ಮೊದಲು ನಾಫ್ತಾ ಅನ್ನುವ ಪೆಟ್ರೋಲಿಯಂ ಎಣ್ಣೆಯಿಂದ ಮಾಡುತ್ತಿದ್ದರು. 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ಕೊಳವೆ ಮಾರ್ಗ ಶುರುವಾದ ಮೇಲೆ ಅನಿಲಕ್ಕೆ ಬದಲಾಯಿಸಿದರು. ಆ ಅನಿಲ ಕೊಚ್ಚಿಗೆ ಬರುವುದು ಹಡಗಿನಲ್ಲೇ. ಅಂದರೆ ನಮ್ಮ ಘಾಟಿ ಕೆಳಗೆ ತಯಾರಾಗುವ ಯೂರಿಯಾದ ಹಿಂದೆಯೂ ಒಂದು ಸಮುದ್ರವಿದೆ.

ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರದ್ದೂ ಹೆಚ್ಚುಕಮ್ಮಿ ಇದೇ ಕತೆ. 50 ಕೇಜಿಗೆ 1,350 ರೂಪಾಯಿ ಅಂತ ಸರ್ಕಾರ ಹಿಡಿದಿಟ್ಟಿದೆ. ಸೌದಿ, ಮೊರಾಕೊ, ಜೋರ್ಡಾನ್, ರಷ್ಯಾ, ಚೀನಾ ಕಡೆಯಿಂದ ಮಾಲು ಇಲ್ಲವೇ ಅದರ ಕಚ್ಚಾವಸ್ತು ಬರಬೇಕು. 2021ರ ಅಕ್ಟೋಬರಿನಲ್ಲಿ ಚೀನಾ ತನ್ನ ಗೊಬ್ಬರದ ರಫ್ತಿಗೆ ತಪಾಸಣೆ ಹೇರಿತು. ಅಲ್ಲಿಂದ ಆ ಬಾಗಿಲು ಒಂದು ವರ್ಷ ಅರ್ಧ ತೆರೆಯುತ್ತದೆ, ಇನ್ನೊಂದು ವರ್ಷ ಮುಚ್ಚುತ್ತದೆ.

ಪೊಟ್ಯಾಷ್ ಎರಡನೇ ಜಾತಿ. ನಮ್ಮ ತೋಟದವರಿಗೆ ಹೆಚ್ಚು ಪೆಟ್ಟು ಕೊಟ್ಟಿದ್ದು ಇದೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಎಂಒಪಿ ಅಂತ ಕೆಂಪು ಪುಡಿ ಸಿಗುತ್ತದಲ್ಲ, ಅದಷ್ಟೂ ಹೊರದೇಶದ್ದು. ಕೆನಡಾ, ರಷ್ಯಾ, ಬೆಲಾರುಸ್, ಇಸ್ರೇಲ್, ಜೋರ್ಡಾನ್. ಬೆಲಾರುಸ್‌ಗೆ ಸಮುದ್ರವಿಲ್ಲ. ಅದರ ಪೊಟ್ಯಾಷ್ ಪಕ್ಕದ ಲಿಥುವೇನಿಯಾದ ಕ್ಲೈಪೆಡಾ ಬಂದರಿನಿಂದ ಹಡಗು ಹತ್ತುತ್ತಿತ್ತು. 2022ರ ಫೆಬ್ರವರಿ 1ಕ್ಕೆ ಲಿಥುವೇನಿಯಾ ಆ ರೈಲು ದಾರಿ ಮುಚ್ಚಿತು. ಅದೇ ತಿಂಗಳು 24ಕ್ಕೆ ಉಕ್ರೇನ್ ಯುದ್ಧ ಶುರುವಾಯಿತು. ಆ ವರ್ಷ ಭಾರತ ಪೊಟ್ಯಾಷ್ ಕೊಂಡಿದ್ದು ಟನ್ನಿಗೆ 590 ಡಾಲರಿಗೆ. ನಮ್ಮ ಅಂಗಡಿಯಲ್ಲಿ ಚೀಲ 1,700 ರೂಪಾಯಿ ಮುಟ್ಟಿತು.

ಆಮೇಲೆ 2024ರಲ್ಲಿ ಹೊರಗಿನ ಬೆಲೆ 280 ಡಾಲರ್ ಆಸುಪಾಸಿಗೆ ಇಳಿಯಿತು. ಅರ್ಧಕ್ಕಿಂತ ಕಮ್ಮಿ! ನಮ್ಮ ಚೀಲದ ಬೆಲೆ ಅರ್ಧ ಆಯ್ತಾ? ಇಲ್ಲ. ಯಾಕೆ ಅಂದರೆ ಸಬ್ಸಿಡಿ. 2010ರ ಏಪ್ರಿಲ್‌ನಿಂದ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಕ್ಕೆ ಸರ್ಕಾರ ಪೋಷಕಾಂಶದ ಕೇಜಿ ಲೆಕ್ಕದಲ್ಲಿ ಸಬ್ಸಿಡಿ ಕೊಡುತ್ತದೆ. 2022ರ ಮುಂಗಾರಿಗೆ ಒಂದು ಕೇಜಿ ಪೊಟ್ಯಾಷಿಗೆ 25 ರೂಪಾಯಿ 31 ಪೈಸೆ ಇತ್ತು. 2023ರ ಅಕ್ಟೋಬರಿನಿಂದ 2 ರೂಪಾಯಿ 38 ಪೈಸೆ ಆಯಿತು. 50 ಕೇಜಿ ಚೀಲದಲ್ಲಿ 30 ಕೇಜಿ ಪೊಟ್ಯಾಷ್ ಇರುತ್ತದೆ. ಗುಣಿಸಿ ನೋಡಿ: ಚೀಲಕ್ಕೆ ಸುಮಾರು 759 ರೂಪಾಯಿ ಇದ್ದ ಸಬ್ಸಿಡಿ 71 ರೂಪಾಯಿಗೆ ಬಂತು. ಹೊರಗೆ ಇಳಿದಿದ್ದನ್ನು ಸಬ್ಸಿಡಿ ಕಡಿತ ನುಂಗಿತು. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ ಅಂತ ನನಗೆ ಅರ್ಥವಾಗಿದ್ದು ಈ ಲೆಕ್ಕ ಹಾಕಿದ ದಿನವೇ.

ಮೈಲುತುತ್ತ ಮೂರನೇ ಜಾತಿ. ಇದಕ್ಕೆ ಸಬ್ಸಿಡಿ ಇಲ್ಲ, ಬೆಲೆ ಹಿಡಿಯುವವರಿಲ್ಲ. ತಾಮ್ರದ ಗುಜರಿಗೆ ಗಂಧಕಾಮ್ಲ ಹಾಕಿ ಮಾಡುವ ಮಾಲು ಇದು. ತಾಮ್ರ ಏರಿದರೆ ಮೈಲುತುತ್ತ ಏರುತ್ತದೆ. ತೂತ್ತುಕುಡಿಯ ದೊಡ್ಡ ತಾಮ್ರ ಕಾರ್ಖಾನೆ 2018ರ ಮೇನಲ್ಲಿ ಮುಚ್ಚಿತು. ವರ್ಷಕ್ಕೆ ನಾಲ್ಕು ಲಕ್ಷ ಟನ್ ತಾಮ್ರದ ಸಾಮರ್ಥ್ಯ ಅದರದ್ದು. ತಾಮ್ರ ರಫ್ತು ಮಾಡುತ್ತಿದ್ದ ದೇಶ ಅದಾದ ಮೇಲೆ ತರಿಸಿಕೊಳ್ಳುವ ದೇಶವಾಯಿತು. ಅಲ್ಲಿಂದ ಲಂಡನ್ ಮೆಟಲ್ ಎಕ್ಸ್‌ಚೇಂಜಿನ ಬೆಲೆ ಮತ್ತು ಡಾಲರ್ ರೇಟು, ಎರಡೂ ನಮ್ಮ ಅಡಿಕೆ ಗೊನೆಗೆ ನೇರವಾಗಿ ತಗುಲಿಕೊಂಡಿವೆ. 2024ರ ಮೇನಲ್ಲಿ ತಾಮ್ರ ಟನ್ನಿಗೆ 11,000 ಡಾಲರ್ ದಾಟಿತು. ಸರಿಯಾಗಿ ನಾವು ಬೋರ್ಡೋ ಹೊಡೆಯುವ ತಿಂಗಳು ನೋಡಿ.

ಎರಡನೆಯದು, ನಿಮ್ಮ ತೋಟಕ್ಕೆ ಎಷ್ಟು ಬೇಕು ಅಂತ ಬರೆದಿಡಿ

ಇದು ಹೇಳಿದಷ್ಟು ಸುಲಭವಲ್ಲ. ನಮ್ಮ ಹನ್ನೆರಡು ಮನೆಯಲ್ಲಿ ಮೊದಲ ವರ್ಷ ಒಬ್ಬರಿಗೂ ಗೊತ್ತಿರಲಿಲ್ಲ. "ಹೋದ ವರ್ಷ ತಂದಷ್ಟೇ ತರೋಣ" ಅನ್ನುತ್ತಿದ್ದರು. ಹೋದ ವರ್ಷ ಎಷ್ಟು ತಂದಿದ್ದಿರಿ ಅಂದರೆ ತಲೆ ಕೆರೆದುಕೊಳ್ಳುತ್ತಿದ್ದರು.

ಬ್ಯಾರಲಿನಿಂದ ಶುರು ಮಾಡಿ. 200 ಲೀಟರ್ ಬ್ಯಾರಲಿಗೆ ಕಾಫಿಗಾದರೆ ಅರ್ಧ ಪರ್ಸೆಂಟ್, ಅಂದರೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಅಡಿಕೆಗೆ, ಮೆಣಸಿಗೆ ಒಂದು ಪರ್ಸೆಂಟ್, ಅಂದರೆ ಎರಡೆರಡು ಕೇಜಿ. ಇನ್ನು ನಿಮ್ಮಲ್ಲಿ ಒಂದು ಸುತ್ತಿಗೆ ಎಷ್ಟು ಬ್ಯಾರಲ್ ಖಾಲಿಯಾಗುತ್ತದೆ ಅಂತ ಔಷಧಿ ಹೊಡೆಯುವವರನ್ನೇ ಕೇಳಿ, ಅವರ ಲೆಕ್ಕ ನಮ್ಮದಕ್ಕಿಂತ ಸರಿಯಾಗಿರುತ್ತದೆ. ನನ್ನದು ಹೀಗಿದೆ: ಕಾಫಿ ನಾಲ್ಕೆಕರೆಗೆ ಎಕರೆಗೆ ಮೂರು ಬ್ಯಾರಲ್, ಎರಡು ಸುತ್ತು, 24 ಕೇಜಿ. ಅಡಿಕೆಗೆ ಸುತ್ತಿಗೆ ನಾಲ್ಕು ಬ್ಯಾರಲ್, ಎರಡು ಸುತ್ತು, 16 ಕೇಜಿ. ಮೆಣಸಿಗೆ ಮೂರು ಬ್ಯಾರಲ್, ಎರಡು ಸುತ್ತು, 12 ಕೇಜಿ. ಒಟ್ಟು 52. ಎರಡು 25 ಕೇಜಿ ಚೀಲ, ಮೇಲೆ ಎರಡು ಕೇಜಿ. ಇಷ್ಟು ಸಣ್ಣ ಲೆಕ್ಕವನ್ನು ನಾನು ಇಪ್ಪತ್ತು ವರ್ಷ ಹಾಕಿರಲಿಲ್ಲ.

ಗೊಬ್ಬರದ ಲೆಕ್ಕವನ್ನು ಚೀಲದಲ್ಲಿ ಬರೆಯಬೇಡಿ. ಸಾರಜನಕ ಇಷ್ಟು ಕೇಜಿ, ರಂಜಕ ಇಷ್ಟು, ಪೊಟ್ಯಾಷ್ ಇಷ್ಟು ಅಂತ ಬರೆಯಿರಿ. ಯಾಕೆ ಅಂತ ಬದಲಿ ಮಾಲಿನ ಜಾಗದಲ್ಲಿ ಗೊತ್ತಾಗುತ್ತದೆ. ಈ ಅಂಕಿಗಳಿಗೆ ಮಣ್ಣು ಪರೀಕ್ಷೆ ಬೇಕು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ನಮ್ಮ ಜಿಲ್ಲೆಯಲ್ಲೇ ಇದೆ. ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹಾಸನದವರಿಗೆ ಕಂದಲಿಯಲ್ಲಿದೆ. ನನ್ನ ಮೇಲಿನ ಪ್ಲಾಟಿನ ಮಣ್ಣು ಕೊಟ್ಟಾಗ ರಂಜಕ ಸಾಕಷ್ಟಿದೆ ಅಂತ ಬಂತು. ಡಿಎಪಿ ಸಿಗದ ವರ್ಷ ಆ ಪ್ಲಾಟಿಗೆ ಹಾಕಲೇ ಇಲ್ಲ. ಇಳುವರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪೊಟ್ಯಾಷಿಗೆ ಈ ಧೈರ್ಯ ಮಾಡಬೇಡಿ, ನಮ್ಮ ಮಳೆಗೆ ಅದು ತೊಳೆದು ಹೋಗುತ್ತದೆ.

ಮೂರನೆಯದು, ತಿಂಗಳಿಗೆ ಹತ್ತು ನಿಮಿಷ

ಪ್ರತಿ ತಿಂಗಳ ಮೊದಲ ವಾರ ವಿಶ್ವ ಬ್ಯಾಂಕ್ ಒಂದು ಬೆಲೆ ಪಟ್ಟಿ ಹಾಕುತ್ತದೆ. ಪಿಂಕ್ ಶೀಟ್ ಅಂತ ಹುಡುಕಿದರೆ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಯೂರಿಯಾ, ಡಿಎಪಿ, ಪೊಟ್ಯಾಷ್, ರಾಕ್ ಫಾಸ್ಫೇಟ್, ತಾಮ್ರ ಎಲ್ಲ ಒಂದೇ ಹಾಳೆಯಲ್ಲಿದೆ. ನಮ್ಮ ಕಾಫಿಯೂ ಇದೆ, ಅದನ್ನು ನೋಡಿ ಕೆಲವರು ಕೆಳಗೆ ಬರುವುದೇ ಇಲ್ಲ! ಐದು ಅಂಕಿ, ಜೊತೆಗೆ ಡಾಲರ್ ರೇಟು, ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದು ತಿಂಗಳ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಸತತ ಮೂರು ತಿಂಗಳು ಒಂದೇ ದಿಕ್ಕಿಗೆ ಹೋಗಿದ್ದರೆ, ಅದು ನಮ್ಮ ಪೇಟೆಗೂ ಬರುತ್ತದೆ ಅಂತ ಇಟ್ಟುಕೊಳ್ಳಿ.

ಎರಡನೇದು ಸಬ್ಸಿಡಿ ಸುದ್ದಿ. ಮುಂಗಾರಿಗೆ ಏಪ್ರಿಲ್‌ನಿಂದ, ಹಿಂಗಾರಿಗೆ ಅಕ್ಟೋಬರ್‌ನಿಂದ ಹೊಸ ದರ ಜಾರಿಗೆ ಬರುತ್ತದೆ. ಅದರ ಹಿಂದೆ ಮುಂದೆ ಕೇಂದ್ರ ಸಂಪುಟದ ತೀರ್ಮಾನ ಪತ್ರಿಕೆಯಲ್ಲಿ ಬರುತ್ತದೆ. ಹೊರಗೆ ಬೆಲೆ ಏರುತ್ತಾ ಇದೆ, ಇಲ್ಲಿ ಸಬ್ಸಿಡಿ ಏರಿಸಲಿಲ್ಲ ಅಂದರೆ ಆಮದು ಮಾಡುವವರು ಕೈಕಟ್ಟಿ ಕೂರುತ್ತಾರೆ. ನಷ್ಟಕ್ಕೆ ಯಾರು ಹಡಗು ತರಿಸುತ್ತಾರೆ ಹೇಳಿ. ಅಲ್ಲಿಂದ ಎರಡು ಮೂರು ತಿಂಗಳಿಗೆ ಸೊಸೈಟಿಯಲ್ಲಿ ಮಾಲು ತೆಳುವಾಗುತ್ತದೆ.

ಮೂರನೇದು ಆಮದು ನಿಯಮ. ಇದನ್ನು ಎಲ್ಲರೂ ನೋಡಬೇಕಿಲ್ಲ, ಒಟ್ಟಿಗೆ ತರಿಸುವವರಲ್ಲಿ ಒಬ್ಬರು ನೋಡಿದರೆ ಸಾಕು. ಹೊರದೇಶದವರು ತೀರಾ ಅಗ್ಗಕ್ಕೆ ಸುರಿಯುತ್ತಿದ್ದಾರೆ ಅಂತ ಇಲ್ಲಿನ ಕಾರ್ಖಾನೆಯವರು ದೂರು ಕೊಟ್ಟರೆ ವಾಣಿಜ್ಯ ಸಚಿವಾಲಯದ ಡಿಜಿಟಿಆರ್ ತನಿಖೆ ಶುರು ಮಾಡುತ್ತದೆ. ಸಾಮಾನ್ಯವಾಗಿ ಒಂದು ವರ್ಷ ಹಿಡಿಯುತ್ತದೆ. ಆಮೇಲೆ ಹಣಕಾಸು ಸಚಿವಾಲಯ ಒಪ್ಪಿದರೆ ಸುಂಕ ಬೀಳುತ್ತದೆ, ಹೆಚ್ಚಾಗಿ ಐದು ವರ್ಷಕ್ಕೆ. ತನಿಖೆ ಶುರುವಾದ ದಿನದಿಂದ ಸುಂಕ ಬೀಳುವ ದಿನದವರೆಗೆ ನಮಗೆ ಸಮಯವಿದೆ ಅಂತಾಯಿತು. ಆದರೆ ವಿದೇಶಿ ವ್ಯಾಪಾರ ನೋಡಿಕೊಳ್ಳುವ ಡಿಜಿಎಫ್‌ಟಿಯ ಆದೇಶಗಳು ಹಾಗಲ್ಲ, ರಾತ್ರೋರಾತ್ರಿ ಬರುತ್ತವೆ. 2024ರ ಜನವರಿಯಲ್ಲಿ ಗ್ಲುಫೋಸಿನೇಟ್ ಕಳೆನಾಶಕದ ಕಚ್ಚಾಮಾಲನ್ನು ಕೇಜಿಗೆ 1,289 ರೂಪಾಯಿಗಿಂತ ಕಮ್ಮಿ ಬೆಲೆಗೆ ತರಿಸುವಂತಿಲ್ಲ ಅಂತ ಆದೇಶ ಬಂತು. ಅದಕ್ಕೂ ಮೊದಲು, 2022ರ ಅಕ್ಟೋಬರಿನಲ್ಲಿ, ಗ್ಲೈಫೋಸೇಟ್ ಅನ್ನುವ ಇನ್ನೊಂದು ಕಳೆನಾಶಕವನ್ನು ಕೀಟ ನಿಯಂತ್ರಣದ ಲೈಸೆನ್ಸ್ ಇದ್ದವರ ಮೂಲಕ ಮಾತ್ರ ಹೊಡೆಸಬೇಕು ಅಂದಿದ್ದರು. ಎರಡು ಬಾಗಿಲು ಹೀಗೆ ಒಂದಾದ ಮೇಲೊಂದು ಕಿರಿದಾದವು. ನಮ್ಮಲ್ಲಿ ಕಳೆ ಕೊಯ್ಯುವ ಮಿಷನ್ ಇಟ್ಟುಕೊಂಡವರಿಗೆ ಇದರ ಬಿಸಿ ತಟ್ಟಲೇ ಇಲ್ಲ.

ಆಲೂಗಡ್ಡೆಯವರಿಗೂ ಒಂದು ಮಾತು. ಹಾಸನ ತಾಲ್ಲೂಕಿನಲ್ಲಿರುವ ನನ್ನ ಭಾವ ಪ್ರತಿ ಮೇನಲ್ಲಿ ಜಲಂಧರ್ ಬೀಜ ತಂದು ಹಾಕುತ್ತಾರೆ. ಅಂಗಮಾರಿಗೆ ಮ್ಯಾಂಕೋಜೆಬ್ ಇಲ್ಲದೆ ಅವರ ಕೈ ಓಡುವುದಿಲ್ಲ. 2020ರ ಮೇನಲ್ಲಿ ಕೇಂದ್ರ ಸರ್ಕಾರ 27 ಔಷಧಿ ನಿಷೇಧದ ಕರಡು ತಂದಾಗ ಮ್ಯಾಂಕೋಜೆಬ್ ಕೂಡ ಅದರಲ್ಲಿತ್ತು. ಕೊನೆಗೆ ಅದು ನಿಷೇಧವಾಗಲಿಲ್ಲ. ಆದರೆ ಅವತ್ತು ಭಾವ ಫೋನ್ ಮಾಡಿ ಕೇಳಿದ ಪ್ರಶ್ನೆ ಚೆನ್ನಾಗಿ ನೆನಪಿದೆ: "ಅದಿಲ್ಲ ಅಂದ್ರೆ ಬೇರೆ ಏನ್ ಹೊಡೀಬೇಕು?" ಈ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿರಬೇಕು. ಡಬ್ಬಿ ಮೇಲಿನ ಬ್ರ್ಯಾಂಡಿನ ಹೆಸರಲ್ಲ, ಕೆಳಗೆ ಸಣ್ಣಕ್ಷರದಲ್ಲಿರುವ ಮೂಲ ಹೆಸರು ಮತ್ತು ಪರ್ಸೆಂಟ್ ಬರೆದಿಟ್ಟುಕೊಳ್ಳಿ. ಅದೇ ಔಷಧಿ ಐದಾರು ಹೆಸರಲ್ಲಿ ಸಿಗುತ್ತದೆ. ಒಂದು ಕಂಪನಿಯದು ಖಾಲಿಯಾದರೆ ಇನ್ನೊಂದು.

ನಾಲ್ಕನೆಯದು, ಬದಲಿ ಮಾಲಿನ ಪಟ್ಟಿ

ಈಗ ಆ ಕೇಜಿ ಲೆಕ್ಕ ಕೆಲಸಕ್ಕೆ ಬರುತ್ತದೆ. ಒಂದು ಚೀಲ ಡಿಎಪಿಯಲ್ಲಿ 9 ಕೇಜಿ ಸಾರಜನಕ, 23 ಕೇಜಿ ರಂಜಕ. ಮೂರು ಚೀಲ ಸೂಪರ್ ಫಾಸ್ಫೇಟಿನಲ್ಲಿ 24 ಕೇಜಿ ರಂಜಕ ಬರುತ್ತದೆ, ಗಂಧಕ ಪುಕ್ಕಟೆ. 20 ಕೇಜಿ ಯೂರಿಯಾ ಸೇರಿಸಿದರೆ 9 ಕೇಜಿ ಸಾರಜನಕ. ಲೆಕ್ಕ ಮುಗಿಯಿತು. ಸೂಪರ್ ಫಾಸ್ಫೇಟ್ ಮಾಡುವ ಕಾರ್ಖಾನೆಗಳು ದೇಶದಲ್ಲೇ ಬೇಕಾದಷ್ಟಿವೆ, ಸಿಗುವುದು ಕಷ್ಟವಲ್ಲ. ಕಷ್ಟ ಇರುವುದು ಹೊರುವುದರಲ್ಲಿ. ಒಂದು ಮೂಟೆಯ ಜಾಗಕ್ಕೆ ಮೂರು ಮೂಟೆ, ಅದೂ ನಮ್ಮ ಇಳಿಜಾರಿನಲ್ಲಿ. ಆಳಿನ ಕೂಲಿ ಸೇರಿಸಿಯೇ ಬೆಲೆ ಹೋಲಿಸಿ.

ಕಾಫಿ ತೋಟದ ಹುಳಿ ಮಣ್ಣಿಗೆ ಇನ್ನೊಂದು ದಾರಿ ರಾಕ್ ಫಾಸ್ಫೇಟ್. ಉದಯಪುರದ ಹತ್ತಿರದ ಝಾಮರ್‌ಕೋಟ್ರಾ ಗಣಿಯದು ನಮ್ಮ ದೇಶದ್ದೇ ಕಲ್ಲು. ನಿಧಾನಕ್ಕೆ ಕರಗುತ್ತದೆ, ಹುಳಿ ಮಣ್ಣಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಬಯಲುಸೀಮೆ ಕಡೆಯ ಸುಣ್ಣದ ಮಣ್ಣಿನವರು ಇದರ ತಂಟೆಗೆ ಹೋಗಬೇಡಿ.

ಪೊಟ್ಯಾಷಿಗೆ ಸರಿಸಮನಾದ ಬದಲಿ ಇಲ್ಲ, ಇದ್ದಿದ್ದು ಇದ್ದ ಹಾಗೆ ಹೇಳಬೇಕು. ಸಕ್ಕರೆ ಕಾರ್ಖಾನೆ ಮೊಲಾಸಿಸ್ಸಿನಿಂದ ಬರುವ ಪೊಟ್ಯಾಷ್ ಗೊಬ್ಬರವನ್ನು 2021ರಲ್ಲಿ ಸಬ್ಸಿಡಿ ಪಟ್ಟಿಗೆ ಸೇರಿಸಿದರು. ಅದರಲ್ಲಿರುವುದು 14.5 ಪರ್ಸೆಂಟ್. ಎಂಒಪಿಯ ಒಂದು ಮೂಟೆಗೆ ಇದು ನಾಲ್ಕು ಮೂಟೆ ಬೇಕು. ನಾನು ಪೂರ್ತಿ ಬದಲಾಯಿಸಲಿಲ್ಲ, ರಸ್ತೆ ಪಕ್ಕದ ಪ್ಲಾಟಿಗೆ ಮಾತ್ರ ಹಾಕಿದೆ. ಉಳಿದದ್ದಕ್ಕೆ ಪಲ್ಪರ್ ಸಿಪ್ಪೆಯ (ಕಾಫಿ ಹಣ್ಣು ಸುಲಿಯುವ ಮಿಷನ್ನಿನಿಂದ ಬರುವ ಸಿಪ್ಪೆ) ಗೊಬ್ಬರ, ಒಲೆಯ ಬೂದಿ. ಪಲ್ಪರ್ ಸಿಪ್ಪೆಯನ್ನು ಹಳ್ಳದ ದಂಡೆಗೆ ಸುರಿದು ಬರುವ ಮನೆಗಳು ಈಗಲೂ ಇವೆ. ದುಡ್ಡು ಕೊಟ್ಟು ತಂದ ಪೊಟ್ಯಾಷಿನ ಒಂದು ಪಾಲು ಆ ಸಿಪ್ಪೆಯಲ್ಲೇ ತೋಟದಿಂದ ಆಚೆ ಹೋಗುತ್ತಿದೆ ಅಂತ ಗೊತ್ತಾದರೆ ಹಾಗೆ ಮಾಡುವುದಿಲ್ಲ, ಅಲ್ವಾ?

ಹಾಗಂತ ಒಂದೇ ಸಲಕ್ಕೆ ಎಲ್ಲ ಬಿಟ್ಟುಬಿಡುವುದೂ ಬೇಡ. ಶ್ರೀಲಂಕಾ 2021ರ ಮೇನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿತು. ಭತ್ತ, ಚಹಾ ಎರಡೂ ಬಿದ್ದವು. ನವೆಂಬರಿನಲ್ಲಿ ನಿಷೇಧ ತೆಗೆದರು, ಅಷ್ಟರಲ್ಲಿ ಬೆಳೆ ಹೋಗಿತ್ತು. ಬದಲಿ ಮಾಲನ್ನು ಒಂದು ಪ್ಲಾಟಿಗೆ ಹಾಕಿ, ಒಂದು ವರ್ಷ ನೋಡಿ.

ಐದನೆಯದು, ಏನನ್ನು ಕೂಡಿಡಬೇಕು, ಏನನ್ನು ಬೇಡ

ಮೈಲುತುತ್ತ ಒಣಗಿದ ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬದಲ್ಲಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ತಗಡಿನ ಡಬ್ಬ ಬೇಡ, ತಿಂದು ತೂತು ಮಾಡುತ್ತದೆ. ಅದಕ್ಕೇ ನಾವು ಇದನ್ನು ಫೆಬ್ರವರಿಯಲ್ಲಿ ತರುತ್ತೇವೆ, ಪೇಟೆಯಲ್ಲಿ ಯಾರೂ ಕೇಳದಿದ್ದಾಗ. ಮುಂದಿನ ವರ್ಷದ ಒಂದು ಸುತ್ತಿನಷ್ಟು ಕೈಯಲ್ಲಿ ಉಳಿದಿರಬೇಕು ಅನ್ನುವುದು ನಮ್ಮ ಲೆಕ್ಕ. ಎಂಒಪಿ, ರಾಕ್ ಫಾಸ್ಫೇಟ್ ಕೂಡ ನೆಲ ಮುಟ್ಟದ ಹಾಗೆ ಮರದ ಹಲಗೆ ಮೇಲಿಟ್ಟರೆ ತಡೆಯುತ್ತವೆ.

ಯೂರಿಯಾ ನಮ್ಮ ಮಳೆಗಾಲದ ತೇವಕ್ಕೆ ಕರಗಿ ಗಟ್ಟಿಯಾಗುತ್ತದೆ. ಒಂದು ಸುತ್ತಿಗೆ ಬೇಕಾದಷ್ಟೇ ಸಾಕು. ಸುಮ್ನೆ ಜಾಸ್ತಿ ತಂದಿಟ್ಟರೆ ಪಕ್ಕದ ಮನೆಯವನ ಪಾಲು ಕಿತ್ತ ಹಾಗೆ, ಅದು ಸಬ್ಸಿಡಿ ಮಾಲು. ದ್ರವ ಔಷಧಿಗಳಿಗೆ ಡಬ್ಬಿ ಮೇಲೇ ತಾರೀಕು ಇರುತ್ತದೆ, ಅದನ್ನು ಕೂಡಿಡುವುದು ದುಡ್ಡು ದಂಡ. ಅಮೋನಿಯಂ ಗೊಬ್ಬರದ ಪಕ್ಕ ಸುಣ್ಣದ ಚೀಲ ಇಡಬೇಡಿ. ಒಂದು ಮಳೆಗಾಲ ನಾನಿಟ್ಟಿದ್ದೆ, ಗೋದಾಮಿನ ಬಾಗಿಲು ತೆಗೆದಾಗ ಮೂಗು ಹಿಡಿದುಕೊಂಡು ಓಡಿದೆ. ಆ ವಾಸನೆಯಷ್ಟೂ ನಾನು ಕೊಟ್ಟ ದುಡ್ಡು.

ಆರನೆಯದು, ಘಾಟಿಯ ಲೆಕ್ಕ

ಕೆಂಪು ಸಮುದ್ರದಲ್ಲಿ 2023ರ ನವೆಂಬರಿನಿಂದ ಹಡಗಿನ ಮೇಲೆ ದಾಳಿ ಶುರುವಾಗಿ, ಹಡಗುಗಳು ಆಫ್ರಿಕಾ ಸುತ್ತಿ ಬರುವಂತಾಯಿತು. ಹತ್ತು ಹದಿನೈದು ದಿನ ಜಾಸ್ತಿ. ಎಲ್ಲರೂ ಇದನ್ನೇ ಮಾತಾಡುತ್ತಾರೆ. ಆದರೆ ಹಡಗು ಪಣಂಬೂರಿಗೆ ಬಂದು ನಿಂತ ಮೇಲೂ ನಮಗೆ ಇನ್ನೊಂದು ಸಮುದ್ರ ಬಾಕಿ ಇದೆ, ಅದು ಘಾಟಿ. 2024ರ ಜುಲೈ 26ರಂದು ಸಕಲೇಶಪುರ-ಸುಬ್ರಹ್ಮಣ್ಯ ರೈಲು ದಾರಿಯಲ್ಲಿ ಯಡಕುಮರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಜಾರಿತು. ರೈಲು ನಿಂತು ಹೋಯಿತು. ಶಿರಾಡಿಯಲ್ಲೂ ಅದೇ ಸಮಯಕ್ಕೆ ಗುಡ್ಡ ಕುಸಿತ. ಚಾರ್ಮಾಡಿಯಲ್ಲಿ 2019ರ ಮಳೆ ಆದಮೇಲೆ ದೊಡ್ಡ ಲಾರಿ ಬಿಡುವುದಿಲ್ಲ. ಗೂಡ್ಸ್ ರೈಲಿನ ಒಂದು ರೇಕ್ ಅಂದರೆ ಸುಮಾರು 2,600 ಟನ್ ಮಾಲು, ಅಷ್ಟೂ ಘಾಟಿ ಕೆಳಗೇ ನಿಲ್ಲುತ್ತದೆ.

ಹಾಗಾಗಿ ಮುಂಗಾರು ನಡುವಿನ ಸುತ್ತಿನ ಗೊಬ್ಬರ, ಅಂದರೆ ಆಗಸ್ಟಿನದು, ಜೂನ್ 15ರೊಳಗೆ ಮನೆಯಲ್ಲಿರಬೇಕು. ಇದಕ್ಕೆ ಪಿಂಕ್ ಶೀಟೂ ಬೇಡ, ಏನೂ ಬೇಡ.

ಏಳನೆಯದು, ಮಾಲು ಅಸಲಿಯೋ ಅಂತ ನೋಡಿ

ಕೊರತೆ ಬಂದಾಗಲೇ ಕಲಬೆರಕೆ ಬರುವುದು. ಒಂದು ವರ್ಷ ನಾನು ಜೂನ್ ಮೊದಲ ವಾರದವರೆಗೆ ಕಾದೆ, ಬೆಲೆ ಇಳಿಯಬಹುದು ಅಂತ. ಇಳಿಯಲಿಲ್ಲ. ಒಂದು ಅಂಗಡಿಯಲ್ಲಿ ಮಾತ್ರ ಕೇಜಿಗೆ ಮೂವತ್ತು ರೂಪಾಯಿ ಕಮ್ಮಿಗೆ ಸಿಕ್ಕಿತು. "ಬಿಲ್ ಬೇಕು ಅಂದ್ರೆ ಈ ರೇಟಿಗೆ ಆಗಲ್ಲ ಅಣ್ಣ" ಅಂದ. ಮಳೆ ತಲೆ ಮೇಲಿತ್ತು, ಸರಿ ಅಂದೆ. ಹರಳು ನೀಲಿಯೇನೋ ಇತ್ತು, ಆದರೆ ಅಲ್ಲಲ್ಲಿ ಹಸಿರು ಛಾಯೆ. ಬ್ಯಾರಲಿನಲ್ಲಿ ಕರಗಿಸಿದಾಗ ತಳದಲ್ಲಿ ಕಂದು ಬಣ್ಣದ ಗಸಿ ಕೂತಿತು. ಚಿಕ್ಕಪ್ಪ ಬಗ್ಗಿ ನೋಡಿ, "ಇದ್ರಲ್ಲಿ ಕಬ್ಬಿಣ ಸೇರ್ಕೊಂಡಿದೆ ಕಣೋ" ಅಂದರು. ಆದರೂ ಹೊಡೆಸಿದೆ. ಜುಲೈ ಕೊನೆಗೆ ಅಡಿಕೆ ಬುಡದಲ್ಲಿ ಹಸಿರು ಕಾಯಿ ಉದುರಿ ಚೆಲ್ಲಿದ್ದವು, ಬಿಳಿ ಬೂಸ್ಟು ಹಿಡಿದು. ಬಿಲ್ ಇರಲಿಲ್ಲ, ಯಾರ ಹತ್ತಿರ ಹೋಗಲಿ?

ಈಗ ನಾನು ಮಾಡುವುದು ಇಷ್ಟು. ಹೊಸ ಚೀಲದಿಂದ ಒಂದು ಚಮಚ ತೆಗೆದು ಗಾಜಿನ ಲೋಟದ ನೀರಿನಲ್ಲಿ ಕರಗಿಸುತ್ತೇನೆ. ತಿಳಿ ನೀಲಿ ಬರಬೇಕು, ಹಸಿರು ಬರಬಾರದು, ಗಸಿ ಕೂರಬಾರದು. ಚೀಲದ ಮೇಲೆ ತಾಮ್ರದ ಪರ್ಸೆಂಟ್ ನೋಡುತ್ತೇನೆ. ಶುದ್ಧ ಮೈಲುತುತ್ತದಲ್ಲಿ 25ರ ಮೇಲೆ ಸ್ವಲ್ಪ ಇರುತ್ತದೆ, 24ಕ್ಕಿಂತ ಕೆಳಗಿದ್ದರೆ ವಾಪಸ್ಸು. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಬರೆಸುತ್ತೇನೆ.

ದ್ರಾವಣ ಮಾಡುವಾಗ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಣ್ಣದ ನೀರು ಮೊದಲು, ಅದಕ್ಕೆ ಮೈಲುತುತ್ತದ ನೀರು ಸಣ್ಣಗೆ ಸುರಿಯುತ್ತಾ ಕಲಕಬೇಕು. ಆಮೇಲೆ ಚಿಕ್ಕಪ್ಪನ ಪರೀಕ್ಷೆ. ತಿಕ್ಕಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರದ ಬಣ್ಣ ಕೂತರೆ ಹುಳಿ ಜಾಸ್ತಿ, ಇನ್ನೊಂದಿಷ್ಟು ಸುಣ್ಣದ ತಿಳಿ. ಬಿಳಿಯಾಗೇ ಇದ್ದರೆ ಹೊಡೆಯಬಹುದು. ಲಿಟ್ಮಸ್ ಕಾಗದವೂ ಸಿಗುತ್ತದೆ. ಅವರು ಕತ್ತಿಯನ್ನೇ ನಂಬುತ್ತಾರೆ. ಮಾಡಿದ್ದನ್ನು ಅವತ್ತೇ ಖಾಲಿ ಮಾಡಬೇಕು.

ಎಂಟನೆಯದು, ಒಟ್ಟಿಗೆ ಕೊಳ್ಳುವಾಗ

ಮೈಲುತುತ್ತಕ್ಕೆ ಒಟ್ಟು ಆರ್ಡರ್ ಕೊಡಬಹುದು. ಸಬ್ಸಿಡಿ ಗೊಬ್ಬರಕ್ಕೆ ಹಾಗಾಗುವುದಿಲ್ಲ, ಮಿಷನ್ ಮೇಲೆ ಅವರವರೇ ಹೆಬ್ಬೆಟ್ಟು ಒತ್ತಬೇಕು. ನಾವು ಒಂದೇ ದಿನ ಹನ್ನೆರಡು ಜನ ಒಂದೇ ಪಿಕಪ್ಪಿನಲ್ಲಿ ಹೋಗುತ್ತೇವೆ, ಬಾಡಿಗೆ ಹಂಚಿಕೊಳ್ಳುತ್ತೇವೆ. ದುಡ್ಡು ಮೊದಲೇ ಕೊಡಬೇಕು, ಇದರಲ್ಲಿ ದಾಕ್ಷಿಣ್ಯ ಬೇಡ. "ಆಮೇಲೆ ಕೊಡ್ತೀನಿ" ಅಂದವರದು ಒಂದು ಸಲ ನಾನೇ ತುಂಬಿದ್ದೇನೆ. ಒಂದೇ ಅಂಗಡಿಗೆ ಅಂಟಿಕೊಳ್ಳಬೇಡಿ, ಸೊಸೈಟಿ ಒಂದು, ಖಾಸಗಿ ಅಂಗಡಿ ಎರಡು, ಮೂರು ಕಡೆ ಖಾತೆ ಇರಲಿ. ಯೂರಿಯಾ ಜೊತೆ ಬೇಡದ ಬಾಟಲಿ ಲಿಂಕ್ ಮಾಡಿ ಕೊಟ್ಟರೆ ತಗೊಳ್ಳಬೇಡಿ. ಹಾಗೆ ಕೊಡುವಂತಿಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಯದು, ಕೊಳ್ಳುವ ದೇಶದ ನಿಯಮ

ವ್ಯಾಪಾರ ನೀತಿ ಅಂದರೆ ಬರುವ ಮಾಲಿಗಷ್ಟೇ ಅಲ್ಲ, ಹೋಗುವ ಮಾಲಿಗೂ ಇದೆ. ನಮ್ಮ ಕಾಫಿ ದೊಡ್ಡ ಪಾಲು ಇಟಲಿ, ಜರ್ಮನಿಗೆ ಹೋಗುತ್ತದೆ. ಬಿಳಿ ಕಾಂಡಕೊರಕಕ್ಕೆ ಕ್ಲೋರೋಪೈರಿಫಾಸ್ ಬಳಿಯುವುದು ನಮ್ಮಲ್ಲಿ ಹಳೇ ರೂಢಿ. ಯುರೋಪಿನವರು 2020ರಲ್ಲಿ ಅದರ ಉಳಿಕೆಯ ಮಿತಿಯನ್ನು ಕೇಜಿಗೆ 0.01 ಮಿಲಿಗ್ರಾಂಗೆ ಇಳಿಸಿದರು. ಅಂದರೆ ಇರಲೇಬಾರದು ಅಂತ ಅರ್ಥ. ಇಲ್ಲಿ ಅಂಗಡಿಯಲ್ಲಿ ಸಿಗುತ್ತದೆ, ಅಲ್ಲಿ ಬಂದರಿನಲ್ಲಿ ತಿರಸ್ಕಾರವಾಗುತ್ತದೆ.

ನಾವು ಈಗ ಸುಣ್ಣಕ್ಕೆ ಬಂದಿದ್ದೇವೆ. 200 ಲೀಟರಿಗೆ 20 ಕೇಜಿ ಸುಣ್ಣ, ಅಂಟಲಿಕ್ಕೆ ಸ್ವಲ್ಪ ಗೋಂದು, ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ಹಿಡಿಯುವ ಹಾಗೆ ಹೊಡೆಯುವುದು. ದುಂಬಿ ಹಾರುವ ಮೊದಲು, ಏಪ್ರಿಲ್‌ನಲ್ಲಿ ಒಂದು ಸಲ, ಅಕ್ಟೋಬರಿನಲ್ಲಿ ಇನ್ನೊಂದು ಸಲ. ಕಾಂಡಕೊರಕ ಹಿಡಿದ ಗಿಡವನ್ನು ಮಾರ್ಚಿನೊಳಗೆ ಹುಡುಕಿ ಕಿತ್ತು ಸುಡಬೇಕು. ನೆರಳು ಕಮ್ಮಿಯಾಗಲು ಬಿಡಬಾರದು. ಕೆಲಸ ಜಾಸ್ತಿ ಹಿಡಿಯುತ್ತದೆ. ಸುಣ್ಣ ಮಾತ್ರ ಫೋನ್ ಮಾಡಿದ ಮರುದಿನವೇ ಬಂದು ಬೀಳುತ್ತದೆ.